ಕಂಪ್ಯೂಟರ್ ಕೊಡದ ಎಣಿಕೆ

ಹಿರಿಯೂರಿನ ಒಂದು ಸಣ್ಣ ಲ್ಯಾಬಿನ ಬೆಂಚಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಯಲ್ಲದಕೆರೆಯ ಏಕಾಂತಮ್ಮ ಕೌಂಟರಿಗೆ ಒರಗಿ ನಿಂತಿದ್ದರು. ಡೆಂಗಿ ಬಂದು ಅವರ ಮಗಳು ಎದುರಿನ ಆಸ್ಪತ್ರೆಯಲ್ಲಿದ್ದಳು. ಒಳಗೆ ಟೆಕ್ನಿಷಿಯನ್ ರಂಗೇಶ್ ಕಂಪ್ಯೂಟರ್ ಮುಂದೆ ಕುಳಿತಿದ್ದ.

“ಪ್ಲೇಟ್‌ಲೆಟ್ ಎಷ್ಟೈತೆ ಹೇಳಪ್ಪ. ಡಾಕ್ಟ್ರು ಕಾಯ್ತಾವ್ರೆ.”

“ಮಿಷನ್ ಎಣಿಸೈತೆ ಅಕ್ಕ. ಕಂಪ್ಯೂಟರಿಗೆ ಬರ್ತಿಲ್ಲ.”

“ಮಿಷನ್ನಾಗೇ ನೋಡು ಮತ್ತೆ.”

“ಅದರ ಸ್ಕ್ರೀನ್ ಕೆಟ್ಟು ತಿಂಗಳಾತು. ಮಿಷನ್ ವೈರು ಚುಚ್ಚಿದ್ರೆ ಕಂಪ್ಯೂಟರಿನ ಕರ್ನಲ್, ಅಂದ್ರೆ ಒಳಗೆ ಎಲ್ಲಾ ನಡೆಸೋ ಮೂಲ ಪ್ರೋಗ್ರಾಮು, ಅದಕ್ಕೊಂದು ಫೈಲ್ ಮಾಡ್ತೈತೆ. ಲೆಕ್ಕ ಆ ಫೈಲಿನಿಂದಾನೇ ಬರ್ಬೇಕು.”

“ಫೈಲ್ ಮಾಡಿಲ್ವಾ?”

“ಮಾಡೈತೆ. ಇಲ್ನೋಡ್ರಿ, ಕಾಣ್ತೈತೆ. ನಿನ್ನೆ ಅಪ್‌ಡೇಟ್ ಆದಾಗಿಂದ, ಅದನ್ನ ಓದಕ್ಕೆ ನಂಗೆ ಪರ್ಮಿಷನ್ ಇಲ್ಲ ಅಂತೈತೆ.”

“ಯಾರು ಕೊಡ್ಬೇಕು ಪರ್ಮಿಷನ್ನು?”

“ಇದನ್ನ ಹಾಕ್ಕೊಟ್ಟ ಇಂಜಿನಿಯರ್. ಪಾಸ್‌ವರ್ಡ್ ಅವನತ್ರ ಐತೆ. ಬೆಳಿಗ್ಗೆಯಿಂದ ಫೋನ್ ಸ್ವಿಚ್ ಆಫ್.”

ಏಕಾಂತಮ್ಮ ಕೌಂಟರಿನ ಮೇಲೆ ಬಗ್ಗಿ ಪರದೆಯನ್ನು ನೋಡಿದರು.

“ನನ್ನ ಮಗಳ ರಕ್ತ ಅಲ್ವೇನಪ್ಪ. ನಾನು ಕೇಳಿದ್ರೂ ಕೊಡಲ್ವಾ?”

ರಂಗೇಶ್ ವೈರನ್ನು ಕಿತ್ತು ಮತ್ತೆ ಚುಚ್ಚಿದ. ಪರದೆಯಲ್ಲಿ ಅದೇ ಸಾಲು ಬಂತು.

“ಟ್ಯೂಬಿನಾಗೆ ರಕ್ತ ಇನ್ನೂ ಐತೆ. ಊರಿನ ಬೇರೆ ಲ್ಯಾಬು ಇವತ್ತು ಮುಚ್ಚೈತೆ, ಚಿತ್ರದುರ್ಗಕ್ಕೆ ತಗಂಡು ಹೋಗ್ರಿ, ಅಲ್ಲಿ ಎಣಿಸಿ ಕೊಡ್ತಾರೆ.”

“ಹೋಗಿ ಬರೋಷ್ಟೊತ್ತಿಗೆ ಅವಳಿಗೆ ಏನಾದ್ರೂ ಆದ್ರೆ?”

“ನಂಗೆ ಬೇರೆ ದಾರಿ ಗೊತ್ತಿಲ್ಲ ಅಕ್ಕ.”

ಅವನು ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟ. ಏಕಾಂತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿದರು. ಆಸ್ಪತ್ರೆಯ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಒಳಗೆ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.