ಬಸ್ಸು ಆಸ್ಪತ್ರೆಯ ಬಾಗಿಲಿಗೆ ಬಂದದ್ದು

ಅಧ್ಯಕ್ಷತೆ ವಹಿಸಿರುವ ಹಿರಿಯ ಅಧಿಕಾರಿಗಳೇ, ವರ್ಗವಾಗಿ ಹೊರಟಿರುವ ನಮ್ಮ ಡಿಪೋ ಮ್ಯಾನೇಜರ್ ಮೇಡಂ ಅವರೇ, ನಾಳೆಯಿಂದ ಅವರ ಕುರ್ಚಿಯಲ್ಲಿ ಕೂರಲಿರುವ ಹೊಸ ಸಾಹೇಬರೇ, ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಬಂಧುಗಳೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಡ್ರೈವರನಾದ ನನಗೆ ಕೊಟ್ಟಿರುವ ವಿಷಯ ‘ಸಾರ್ವಜನಿಕ ಸಂಸ್ಥೆಗಳಲ್ಲಿ ಹೊಸತನಕ್ಕೆ ಇಂಬು ಕೊಡುವ ನಾಯಕತ್ವ’. ವಿಷಯ ನನ್ನ ಬಸ್ಸಿಗಿಂತ ಉದ್ದವಾಗಿದೆ. ಆದ್ದರಿಂದ ನಾನು ಬಲ್ಲ ಒಂದೇ ಸಂಗತಿ ಹೇಳಿ ಕೆಳಗಿಳಿಯುತ್ತೇನೆ.

ನಮ್ಮ ದೊಡ್ಡಾಸ್ಪತ್ರೆ ನಿಮಗೆಲ್ಲ ಗೊತ್ತು. ಬಸ್ಸು ನಿಲ್ಲುತ್ತಿದ್ದದ್ದು ಮುಖ್ಯರಸ್ತೆಯಲ್ಲಿ. ಅಲ್ಲಿಂದ ಆಸ್ಪತ್ರೆಯ ಬಾಗಿಲಿಗೆ ಏರುದಾರಿ. ಗಟ್ಟಿಮುಟ್ಟಾದವರಿಗೂ ಏದುಸಿರು ಬರುತ್ತದೆ. ಆದರೆ ಗಟ್ಟಿಮುಟ್ಟಾದವರು ಆಸ್ಪತ್ರೆಗೆ ಯಾಕೆ ಹೋಗುತ್ತಾರೆ? ಬಸ್ಸನ್ನು ಒಳಗೇ ತೆಗೆದುಕೊಂಡು ಹೋದರೆ ಏನೆಂದು ಹಿಂದಿನ ಮ್ಯಾನೇಜರುಗಳನ್ನೆಲ್ಲ ಕೇಳಿದ್ದೆ. ಎಲ್ಲರೂ ಒಳ್ಳೆಯವರೇ. ಒಬ್ಬರು “ನೋಡೋಣ” ಎಂದರು. ಇನ್ನೊಬ್ಬರು “ಮೇಲಿನವರನ್ನ ಕೇಳ್ಬೇಕು” ಎಂದರು. ಮತ್ತೊಬ್ಬರು “ನಿಂಗ್ಯಾಕಯ್ಯ ಇಲ್ಲದ ಉಸಾಬರಿ?” ಎಂದರು.

ಮೇಡಂ ಮಾತ್ರ “ಒಳಗೆ ಬಸ್ ತಿರುಗುತ್ತಾ?” ಎಂದು ಕೇಳಿದರು. ಖಾಲಿ ಬಸ್ಸಿನಲ್ಲಿ ನನ್ನ ಜೊತೆ ಬಂದು, ಆಸ್ಪತ್ರೆಯ ಅಂಗಳದಲ್ಲಿ ತಾವೇ ಹಿಂದೆ ನಿಂತು “ಬರ್ಲಿ, ಬರ್ಲಿ, ಸಾಕು” ಎಂದು ಕೂಗಿ ತಿರುಗಿಸಿ ನೋಡಿದರು. ಮುಖ್ಯ ಕಚೇರಿಯಿಂದ ಅಪ್ಪಣೆಯನ್ನೂ ತಂದರು. ಅದಕ್ಕೊಂದು ಷರತ್ತಿತ್ತು. ಮೊದಲ ದಿನ ಮೇಡಂ ಜೊತೆ ಮೇಲಧಿಕಾರಿಯೊಬ್ಬರು ಬಸ್ಸಿನಲ್ಲೇ ಕೂತು ನೋಡುತ್ತಾರೆ, ಎಡವಟ್ಟಾದರೆ ಅಲ್ಲಿಗೇ ನಿಲ್ಲಿಸಬೇಕು.

ಎಡವಟ್ಟಾಯಿತು. ಮಾಡಿದವನು ನಾನೇ! ಮಹನೀಯರೇ, ಒಂದೇ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದವನ ಕೈ ತಲೆಯ ಮಾತು ಕೇಳುವುದಿಲ್ಲ. ಹೊಸ ತಿರುವು ಬೇಕೆಂದು ಎಲ್ಲರ ಪ್ರಾಣ ತಿಂದವನೇ ತಿರುವು ಬಂದಾಗ ನೆಟ್ಟಗೆ ಹೋಗಿಬಿಟ್ಟೆ. “ಅಯ್ಯೋ ಪುಣ್ಯಾತ್ಮ, ಆಸ್ಪತ್ರೆ ಹಿಂದಕ್ಕೆ ಹೋಯ್ತಲ್ಲೋ!” ಎಂದು ಒಬ್ಬ ಅಜ್ಜಿ ಕೂಗಿದಾಗಲೇ ನನಗೆ ಎಚ್ಚರವಾದದ್ದು. ಬಸ್ಸಿಗೆ ಬಸ್ಸೇ ನಕ್ಕಿತು. ಅಧಿಕಾರಿಗಳು ನಗಲಿಲ್ಲ. “ನೋಡಿದ್ರಾ ಮೇಡಂ? ಇವತ್ತಿಗೇ ನಿಲ್ಸಿಬಿಡಿ” ಎಂದರು.

ಮೇಡಂ ಏನೆಂದರು ಗೊತ್ತೇ? “ತಪ್ಪು ಎಲ್ಲಿ ಆಗುತ್ತೆ ಅಂತ ನೋಡೋಕೆ ತಾನೇ ಸಾರ್ ಬಂದಿದ್ದು? ನೋಡಿದ್ವಿ. ಇನ್ನೊಂದು ಸುತ್ತು ಹೋಗೋಣ.” ಆಮೇಲೆ ನನಗೆ, “ತಿರುವಿಗೆ ಮುಂಚೆ ಬಾಯಿಬಿಟ್ಟು ಹೇಳಿ. ಕಂಡಕ್ಟರಮ್ಮನೂ ಹೇಳ್ಲಿ” ಎಂದರು. ಎರಡನೆಯ ಸುತ್ತಿನಲ್ಲಿ ನಾನು “ಎಡಕ್ಕೆ” ಎಂದೆ, ಕಂಡಕ್ಟರಮ್ಮ “ಎಡಕ್ಕೆ” ಎಂದರು, ಆ ಅಜ್ಜಿಯ ಸಮೇತ ಇಡೀ ಬಸ್ಸು “ಎಡಕ್ಕೇ!” ಎಂದು ಕಿರುಚಿತು. ತಿರುಗದೆ ಉಳಿಯುವ ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಹೆಂಗಸು ಗೋಡೆ ಹಿಡಿದು ಸುಧಾರಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, “ರೀ, ಇಲ್ಲೀವರೆಗೂ ಯಾಕ್ ತಂದ್ರಿ? ಕೆಲಸ ಕಳ್ಕೋತೀರ ಅಷ್ಟೇ!” ಎಂದಳು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಹೌದು, ನನ್ನ ಹೆಂಡತಿ. ಅಪ್ಪಣೆಯ ವಿಷಯ ಅವಳಿಗೆ ಹೇಳಿರಲಿಲ್ಲ, ಆ ದಿನ ಮುಂಚಿನ ಬಸ್ಸಿಗೆ ಬಂದು ಏರು ಹತ್ತಿದ್ದಳು. ಡಯಾಲಿಸಿಸ್‌ಗೆ ಹೋಗುತ್ತಾಳೆ. ನನ್ನ ಬಸ್ಸಿನಿಂದಲೇ ಇಳಿದು ಅವಳು ಆ ಏರು ಹತ್ತುವುದನ್ನು ಕನ್ನಡಿಯಲ್ಲಿ ನೋಡುತ್ತ ನಾನು ಬಸ್ಸು ಮುಂದಕ್ಕೆ ಬಿಡಬೇಕಾಗಿತ್ತು.

“ಮೊದ್ಲೇ ಯಾಕ್ರೀ ಹೇಳ್ಲಿಲ್ಲ?” ಎಂದು ಮೇಡಂ ಕೇಳಿದರು.

“ಸ್ವಂತಕ್ಕೆ ಕೇಳ್ತಿದಾನೆ ಅಂದ್ಕೋತೀರಿ ಅಂತ, ಮೇಡಂ.”

“ಸ್ವಂತ ನೋವಿಲ್ದೆ ಇಂಥದ್ದು ಯಾರಿಗೆ ಹೊಳೆಯುತ್ತೆ?” ಎಂದರು. ನಾಯಕತ್ವದ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ, ಉಳಿದದ್ದನ್ನು ಅಧ್ಯಕ್ಷರು ಹೇಳುತ್ತಾರೆ.

ಆದರೆ ಆ ಅಪ್ಪಣೆ ಇವತ್ತಿಗೂ ತಾತ್ಕಾಲಿಕವೇ. ಮ್ಯಾನೇಜರ್ ಬೇಡವೆಂದರೆ ಮುಗಿಯಿತು. ಮೇಡಂಗೆ ವರ್ಗವೆಂದು ತಿಳಿದಾಗಿನಿಂದ ನನ್ನ ಹೆಂಡತಿ “ನಿಧಾನಕ್ಕೆ ಹತ್ತಿದ್ರೆ ಆಗುತ್ತೆ ಬಿಡ್ರಿ” ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ನನಗೆ ಅನ್ನ ರುಚಿಸುತ್ತಿರಲಿಲ್ಲ.

ಇಂದು ಬೆಳಿಗ್ಗೆ ಹೊಸ ಸಾಹೇಬರು ಹೇಳದೆ ಕೇಳದೆ ನನ್ನ ಬಸ್ಸು ಹತ್ತಿದರು. ಆಸ್ಪತ್ರೆಯ ಅಂಗಳದಲ್ಲಿ ಇಳಿದು ಸುತ್ತ ನೋಡಿದರು. ಹತ್ತಿರ ಬಂದು, “ಹಾಗೇ ಹೆರಿಗೆ ವಾರ್ಡಿನ ಬಾಗಿಲಿಗೂ ಹೋಗ್ಬಹುದಲ್ವಾ?” ಎಂದರು.

“ಜಾಗ ಇಕ್ಕಟ್ಟು ಸಾರ್. ಗೋಡೆಗೆ ತಗುಲಬಹುದು.”

“ತಗುಲಿದ್ರೆ ಬಣ್ಣ ಹೊಡಿಸೋಣ. ನೋಡೇಬಿಡೋಣ ನಡೀರಿ.”

ಮೇಡಂ, ಹೋದ ಜೀವ ಬಂದಂತಾಯಿತು. ಡ್ಯೂಟಿ ಮುಗಿದ ಕೂಡಲೇ ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು, “ಮೇಡಂಗೆ ಹೇಳ್ರಿ, ನಮ್ಮ ಯೋಚನೆ ಬಿಟ್ಟು ಆರಾಮಾಗಿ ಹೋಗಿಬರ್ಲಿ ಅಂತ” ಎಂದಳು. ಹೇಳಿದ್ದೇನೆ.

ಕೊನೆಯವರೆಗೂ ಕೂತು ಕೇಳಿದ ನಿಮಗೂ, ನಡುವೆ ಎದ್ದುಹೋಗಿ ಊಟಕ್ಕೆ ಜಾಗ ಹಿಡಿದವರಿಗೂ ವಂದನೆಗಳು. ನಮಸ್ಕಾರ.