ಗಂಡನ ಹೆಸರಿನ ಪಾಸ್‌ವರ್ಡ್

ಮಾನ್ವಿಯ ಅಂಚೆ ಕಚೇರಿಯಲ್ಲಿ ಚನ್ನಮಲ್ಲಮ್ಮ ಲಕೋಟೆಗೆ ಗೋಂದು ಹಚ್ಚುತ್ತಿದ್ದಳು. ಪಕ್ಕದಲ್ಲಿ ಅತ್ತೆ ಸೊಸೆ ಇಬ್ಬರು ಗೋಂದಿಗಾಗಿ ಕಾಯುತ್ತ ನಿಂತಿದ್ದರು. ಅತ್ತೆಯ ಕೈಯಲ್ಲಿ ಕಂಪ್ಯೂಟರಿನಿಂದ ತೆಗೆದ ಒಂದು ಪತ್ರವಿತ್ತು.

“ಮೂರು ವರ್ಷದ ಹಿಂದ ಬರದದ್ದು, ಈಗ ಹಾಕಾಕತ್ತೀರಲ್ಲ ಅತ್ತಿ!”

“ಏನ್ ಮಾಡ್ಲಿ? ನಾ ಬರದಿಟ್ಟ ಮ್ಯಾಗ ನಿನ್ನ ಗಂಡ ಮನಿ ಕಂಪ್ಯೂಟರಿಗೆ ನಿಮ್ಮ ಮಾವನ ಹೆಸರ ಪಾಸ್‌ವರ್ಡ್ ಇಟ್ಟ. ‘ಯವ್ವಾ, ಇದನ್ನ ನೀ ಮರಿಯಂಗಿಲ್ಲ’ ಅಂದ. ಮರತಿದ್ದಿಲ್ಲ. ಆದ್ರ ಗಂಡನ ಹೆಸರು ಬಾಯಾಗ ತರದಾಕಿ, ಬೆರಳಲೆ ಒತ್ತಲೇನು?”

“ಒತ್ತಿದ್ರ ಮಾವಗ ಏನಾಗ್ತಿತ್ರೀ?” ಸೊಸೆ ನಕ್ಕಳು.

ಅತ್ತೆ ನಗಲಿಲ್ಲ. “ಏನೂ ಆಗ್ತಿದ್ದಿಲ್ಲ. ನನಗ ಒಂದು ನೆವ ಬೇಕಿತ್ತವ್ವಾ. ಅವ್ವನ ಬೆಳ್ಳಿ ಡಾಬು ಕದ್ದಿ ಅಂತ ಅಕ್ಕಗ ಊರ ಮುಂದ ಅಂದೆ. ಆಮ್ಯಾಗ ಅದು ನಮ್ಮ ಜ್ವಾಳದ ಚೀಲದಾಗ ಸಿಕ್ತು. ತಪ್ಪು ನಂದು ಅಂತ ಬರದೆ, ಕಳಸಾಕ ಧೈರ್ಯ ಬರಲಿಲ್ಲ.”

“ಫೋನ್ ಹಚ್ಚಬೇಕಿತ್ತು.”

“ನನ್ನ ದನಿ ಕೇಳಿದ್ರ ಇಟ್ಟಬಿಡ್ತಾಳ.”

“ಹಂಗಾದ್ರ ನಿನ್ನೆ ನಾ ಪಾಸ್‌ವರ್ಡ್ ತಗದದ್ದು ತಪ್ಪಾತೇನ್ರೀ?”

“ಚಾಲೂ ಮಾಡಿದ್ದ ತಡ, ಏನೂ ಕೇಳದ ತೆರಕೊಂತು. ಪತ್ರ ಕಣ್ಣ ಮುಂದ! ಇನ್ನ ಯಾರ ಹೆಸರಿನ ನೆವ ಹೇಳ್ಲಿ?”

ಚನ್ನಮಲ್ಲಮ್ಮ ತನ್ನ ಲಕೋಟೆಯನ್ನು ಅರ್ಧಕ್ಕೇ ಬಿಟ್ಟು ಗೋಂದನ್ನು ಅವರತ್ತ ಸರಿಸಿದಳು. ಅತ್ತೆ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿ, ಅಕ್ಕನ ಕವಿತಾಳದ ವಿಳಾಸದ ಮೇಲೆ ಅಂಗೈಯಾಡಿಸಿದಳು.

“ಓದ್ತಾಳಂತೀಯೇನು?”

“ಓದಲಿಲ್ಲಂದ್ರ ಬಸ್ ಹತ್ತಿ ಹೋಗೋಣ್ರೀ.”

ಪತ್ರ ಅಂಚೆ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಇಬ್ಬರೂ ಮೆಟ್ಟಿಲಿಳಿದರು.