ನಾನೇ ಚೆಲ್ಲಿದ್ದು

ಬಣ್ಣದಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಣ್ಣ, ಅವನ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ ಥಿನ್ನರ್ ಡಬ್ಬಿಯಿತ್ತು.

"ವಾರ್ನಿಶ್ ಎಲ್ಲೆಲ್ಲಿ ಬಿದ್ದಿದೆ?" ಅಣ್ಣ ಕೇಳಿದ.

"ವರಾಂಡದ ಕಾಂಕ್ರೀಟ್ ಮೇಲೆಲ್ಲ ಹನಿಹನಿ. ಒಣಗಿ ಕಲ್ಲಾಗಿದೆ."

"ನಲವತ್ತು ವರ್ಷ ಪಾಲಿಶ್ ಕೆಲಸ ಮಾಡಿದ್ರೂ ಅಪ್ಪ ಒಂದು ಹನಿ ಚೆಲ್ಲಿದವರಲ್ಲ. ಬಿದ್ದಿದ್ದನ್ನ ಅವರು ನೋಡಿದ್ರಾ?"

"ನೋಡಿದ್ರು. ಮುಖ ಸಣ್ಣ ಮಾಡ್ಕೊಂಡು ನಡುಗೋ ತಮ್ಮ ಕೈಯನ್ನೇ ನೋಡ್ತಾ ಕೂತ್ಬಿಟ್ರು. ನಂಗೆ ತಡೆಯೋಕಾಗ್ಲಿಲ್ಲ. ನೀವು ಮಲಗಿದ್ದಾಗ ಕುರ್ಚಿಗೆ ಇನ್ನೊಂದು ಕೋಟ್ ಹೊಡೆಯೋಕೆ ಹೋಗಿ ನಾನೇ ಚೆಲ್ಲಿದ್ದು ಅಂದ್ಬಿಟ್ಟೆ."

"ಅಯ್ಯೋ! ಬೈದ್ರಾ?"

"ಒಂದು ಗಂಟೆ! ನಿನ್ನ ಕೈಗೆ ಬ್ರಷ್ ಸಿಕ್ಕಿದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗಾಯ್ತು ಅಂದ್ರು. ಆಮೇಲೆ ಪಾಠ ಶುರು. ಮೊದ್ಲು ಮೇಲ್ಮೇಲೆ ಕೆರೀಬೇಕಂತೆ. ಆಮೇಲೆ ಥಿನ್ನರಲ್ಲಿ ನೆನೆಸಿದ ಬಟ್ಟೆ ಹಾಕಿ ಕಾಯ್ಬೇಕಂತೆ. ಅವಸರಕ್ಕೆ ಉಜ್ಜಿದ್ರೆ ಕರಗಿದ ವಾರ್ನಿಶ್ ಕಾಂಕ್ರೀಟ್ ಒಳಕ್ಕೇ ಇಳಿಯುತ್ತಂತೆ."

"ನಿನ್ನ ಮಾತು ನಂಬಿದ್ರಾ?"

"ಗೊತ್ತಿಲ್ಲ ಕಣೋ. ಆದ್ರೆ ಹೇಗೆ ಕೆರಿಯೋದು ಅಂತ ತೋರಿಸ್ತಿದ್ರಲ್ಲ, ಆಗ ಅವರ ಕೈ ನಡುಗ್ಲಿಲ್ಲ."

ಅಣ್ಣ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ಅಂಗಡಿಯವನ ಮುಂದಿಟ್ಟ.

"ಮತ್ತೇನಾದ್ರೂ ಬೇಕಾ?" ಅಂಗಡಿಯವನು ಕೇಳಿದ.

"ಎರಡಿಂಚಿನ ಬ್ರಷ್ ಒಂದು ಕೊಡಿ," ಎಂದಳು ತಂಗಿ. "ಭಾನುವಾರದಿಂದ ಅಪ್ಪ ನನಗೆ ವಾರ್ನಿಶ್ ಹೊಡೆಯೋದು ಕಲಿಸ್ತಾರಂತೆ."

"ಎರಡು ಕೊಡಿ," ಎಂದ ಅಣ್ಣ.

"ಇನ್ನೊಂದು ಯಾರಿಗೋ?" ತಂಗಿ ಅಣ್ಣನನ್ನು ಕೇಳಿದಳು.

ಅವನು ದುಡ್ಡು ಕೊಟ್ಟು, ಡಬ್ಬಿ, ಬ್ರಷ್‌ಗಳನ್ನು ಎತ್ತಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದ.

"ಬಾರೇ. ಅರ್ಧ ನಾನು ಚೆಲ್ಲಿದ್ದು ಅಂತ ಹೇಳ್ತೀನಿ."